ಕಲ್ಲಿನ ತಲೆಯ ಗುರುತು

ಕಲ್ಲು ಕೊಯ್ಯುವ ಗರಗಸಕ್ಕೆ ನೀರು ಬಿಟ್ಟಾಗ ಏಳುವ ವಾಸನೆಯೊಂದಿದೆ. ಬಿಸಿಯಾದ ಕಲ್ಲು, ಹಸಿಯಾದ ಪುಡಿ, ಎರಡೂ ಒಟ್ಟಿಗೆ. ಬೇಸಿಗೆಯ ಮಧ್ಯಾಹ್ನ ಕಾದ ಬಂಡೆಯ ಮೇಲೆ ಯಾರೋ ಒಂದು ಚೊಂಬು ನೀರು ಚೆಲ್ಲಿದ ಹಾಗೆ. ಸುತ್ತ ಕಣ್ಣು ಹಾಯುವಷ್ಟು ದೂರವೂ ನೀರೇ ಇರುವ ಕಡೆ, ಒಂದು ಹಡಗಿನ ಹೊಟ್ಟೆಯೊಳಗೆ ಆ ವಾಸನೆ ಮೂಗಿಗೆ ಬಡಿಯುತ್ತದೆಂದು ನಾನು ಎಣಿಸಿರಲಿಲ್ಲ.

ಅದು ಸಮುದ್ರದ ತಳವನ್ನು ಕೊರೆಯುವ ಹಡಗು. ಹೊರಡುವ ಮುಂಚೆ ಅಮ್ಮನಿಗೆ ಅರ್ಥವಾಗಲಿ ಎಂದು, ಬೋರ್‌ವೆಲ್ ಗಾಡಿಯನ್ನು ಹಡಗಿನ ಮೇಲೆ ಕೂರಿಸಿದ್ದಾರೆ ಎಂದು ಹೇಳಿದ್ದೆ. ಅಮ್ಮ ಒಂದು ಗಳಿಗೆ ಯೋಚಿಸಿ, "ಅಷ್ಟೊಂದ್ ನೀರಿನ್ ಮ್ಯಾಲೆ ನಿಂತ್ಕಂಡು ಬೋರ್ ಯಾಕವ್ವ ಕೊರೀತೀರಿ?" ಎಂದಿದ್ದಳು. ನಮ್ಮ ಕಡೆ ಬೋರ್ ಕೊರೆಯುವುದೆಂದರೆ ನೀರಿಗೆ. ಅಮ್ಮನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ನಾವು ಕೊರೆಯುವುದು ಬಿಗಿ ಎಷ್ಟಿದೆ ಎಂದು ತಿಳಿಯುವುದಕ್ಕೆ. ಆ ಸಮುದ್ರದ ಅಡಿಯಲ್ಲಿ ಭೂಮಿಯ ಒಂದು ದೊಡ್ಡ ಹಾಸು ಇನ್ನೊಂದರ ಕೆಳಗೆ ಬಹಳ ನಿಧಾನವಾಗಿ ನುಗ್ಗುತ್ತಿದೆ. ನುಗ್ಗುವಾಗ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕಡೆ ಒತ್ತಡ ಏರುತ್ತಲೇ ಹೋಗಿ ಒಂದು ದಿನ ತಡೆಯಲಾರದೆ ಬಿಟ್ಟುಕೊಳ್ಳುತ್ತದೆ. ಆಗ ನೆಲ ನಡುಗುತ್ತದೆ, ಕೆಲವು ಸಲ ಸಮುದ್ರವೂ ಎದ್ದು ಊರಿನೊಳಕ್ಕೆ ಬರುತ್ತದೆ. ಆ ಒತ್ತಡ ಎಷ್ಟಿದೆ, ಯಾವ ದಿಕ್ಕಿನಿಂದ ಇದೆ ಎಂದು ತಿಳಿಯಲು ತೂತು ಕೊರೆದು ಕಲ್ಲಿನ ಉದ್ದುದ್ದ ತುಂಡುಗಳನ್ನು ಮೇಲಕ್ಕೆ ತರುತ್ತಾರೆ. ಕೋರ್ ಎನ್ನುತ್ತೇವೆ. ಆಳದಲ್ಲಿ ಎಲ್ಲ ಕಡೆಯಿಂದಲೂ ಅದುಮಿಸಿಕೊಂಡಿದ್ದ ಕಲ್ಲು ಮೇಲೆ ಬಂದ ಮೇಲೆ ಮೈ ಸಡಿಲಿಸುತ್ತದೆ. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ದಿನಗಟ್ಟಲೆ. ಯಾವ ಕಡೆಗೆ ಹೆಚ್ಚು ಹಿಗ್ಗಿತೋ ಆ ಕಡೆಯಿಂದ ಹೆಚ್ಚು ಒತ್ತಿತ್ತು ಎಂದು ಅರ್ಥ. ಕೋರಿನ ಮೈಗೆ ಸಣ್ಣ ಸಣ್ಣ ತಂತಿಯ ಪಟ್ಟಿಗಳನ್ನು ಅಂಟಿಸಿ ಆ ಹಿಗ್ಗುವಿಕೆಯನ್ನು ಅಳೆಯುವುದು ನನ್ನ ಕೆಲಸ.

ನಮಗೆ ಬರುತ್ತಿದ್ದ ಕೋರ್‌ಗಳಲ್ಲಿ ಹೆಚ್ಚಿನವು ಮಣ್ಣುಕಲ್ಲು. ಕೊಯ್ದರೆ ಬತ್ತಿದ ಕೆರೆಯ ಕೆಸರಿನ ವಾಸನೆ. ಆವತ್ತು ಮಾತ್ರ ಗಟ್ಟಿ ತುಂಡೊಂದು ಬಂತು. ಗರಗಸ ತಾಗಿತು, ನೀರು ಬಿತ್ತು, ಆ ವಾಸನೆ ಎದ್ದಿತು... ಅಷ್ಟರಲ್ಲಿ ಜೊತೆಯಲ್ಲಿದ್ದ ಹೊಸ ಹುಡುಗಿ ಫಾರಂ ಹಿಡಿದುಕೊಂಡು ಬಂದಳು. ಈ ತುಂಡು ಕೊಳವೆಯೊಳಗೇ ಗಿರಕಿ ಹೊಡೆದಿದೆ, ಉತ್ತರ ಯಾವ ಕಡೆಗಿತ್ತೆಂದು ಗೊತ್ತಾಗುತ್ತಿಲ್ಲ, ದಿಕ್ಕಿನ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದಳು. ನಾನು ಸ್ವಲ್ಪ ತಾಳು ಎಂದು ಹೇಳಿ ಡೆಕ್ಕಿಗೆ ಹೋಗಿ ನಿಂತೆ. ಅವಳಿಗೆ ಏನು ತಿಳಿಯಬೇಕು, ಅದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ಇನ್ನೊಬ್ಬರು ನನ್ನನ್ನು ಕೇಳಿದ್ದರೆಂದು.

ಅವರು ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಬಂಡೆ ಮಾವ ಎಂದು ಕರೆಯುತ್ತಿದ್ದೆ. ಸಂಬಂಧದಲ್ಲಿ ಮಾವನೇನೂ ಅಲ್ಲ.

ನಮ್ಮೂರು ಮಾಗಡಿಯಿಂದ ರಾಮನಗರಕ್ಕೆ ಬರುವ ದಾರಿಯಲ್ಲಿದೆ. ಮನೆಯ ಹಿಂದೆಯೇ ಬಂಡೆ ಶುರು. ಅಮ್ಮ ಅದರ ಮೇಲೆ ಹುರುಳಿ, ಅವರೆ, ಮೆಣಸಿನಕಾಯಿ ಹರವುತ್ತಿದ್ದಳು. ಕೋಳಿ ಕಾಯುವ ಕೆಲಸ ನನ್ನದು. ನನ್ನ ಹುರುಳಿಗೂ ಮಾವನ ಬೆಂಕಿಗೂ ನಡುವೆ ಇಪ್ಪತ್ತು ಮಾರು ಇರುತ್ತಿತ್ತು ಅಷ್ಟೆ. ಬೆಂಕಿ ಎಂದರೆ ನಿಜವಾದ ಬೆಂಕಿಯೇ. ಆಗ ಚಪ್ಪಡಿ ಎಬ್ಬಿಸುವುದಕ್ಕೆ ಮದ್ದು ಸಿಡಿಸುತ್ತಿರಲಿಲ್ಲ. ಬಂಡೆಯ ಮೇಲೆ ಸೌದೆಯನ್ನು ಒಂದು ಸಾಲಾಗಿ ಜೋಡಿಸಿ ಉರಿ ಹಚ್ಚುವುದು. ಕಾದ ಕಲ್ಲಿನ ಮೇಲ್ಪದರ ತಳದಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಷ್ಟೂ ಬೆಂಕಿಯನ್ನು ಕೋಲಿನಿಂದ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಎಲ್ಲಿಯವರೆಗೆ ಬಿಟ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬೆಂಕಿಯ ಮುಂದುಗಡೆ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಅಂಟಿಕೊಂಡ ಕಲ್ಲಿನದು ಒಂದು ಸದ್ದು, ಬಿಟ್ಟ ಕಲ್ಲಿನದು ಬೇರೆ ಸದ್ದು. ನಮಗೆ ಎರಡೂ ಒಂದೇ. ಮಾವ ಮಾತ್ರ ಕಣ್ಣು ಮುಚ್ಚಿಕೊಂಡು ತಟ್ಟುತ್ತಾ, ಇಲ್ಲಿಗಂಟ ಬಿಟ್ಟೈತೆ, ಇಲ್ಲಿಂದಾಚೆಗಿಲ್ಲ ಎಂದು ಕಾಲಿನ ಹೆಬ್ಬೆರಳಿನಿಂದ ಗೆರೆ ತೋರಿಸುತ್ತಿದ್ದರು.

ಕೂಲಿಯವರ ಮುಂದೆ ಸಿಡುಕ. ಯಾರಾದರೂ ತಟ್ಟುವಾಗ ಮಾತಾಡಿದರೆ, "ಬಾಯ್ ಮುಚ್ಲಾ, ಕಲ್ಲು ಮಾತಾಡ್ತಾ ಐತೆ" ಎಂದು ಗದರುವುದು. ನನ್ನನ್ನು ಮಾತ್ರ ಕರೆದು ಬಂಡೆಗೆ ಕಿವಿಯಿಡಿಸಿ, "ಏನ್ ಕೇಳುಸ್ತು?" ಎನ್ನುತ್ತಿದ್ದರು. ಏನೂ ಕೇಳಿಸದಿದ್ದರೂ ನಾನು ಏನಾದರೊಂದು ಹೇಳುತ್ತಿದ್ದೆ. ಒಂದು ಸಲ, ಗುಡುಗಿದ ಹಾಗೆ ಕೇಳುತ್ತೆ ಎಂದೆ. ಮಾವ ಬಿದ್ದು ಬಿದ್ದು ನಕ್ಕರು. "ಅದು ನಿನ್ ಹೊಟ್ಟೆ ಕಣವ್ವ. ಹೋಗಿ ಉಂಡ್ಕೊಂಡ್ ಬಾ" ಎಂದರು. ಕೇಳಿಸದ್ದನ್ನು ಕೇಳಿಸಿತು ಎನ್ನುವ ಆ ಚಾಳಿ ನನ್ನನ್ನು ಸುಲಭಕ್ಕೆ ಬಿಡಲಿಲ್ಲ ಎನ್ನುವುದು ಮುಂದೆ ತಿಳಿಯುತ್ತದೆ.

ಅವರ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ಡಬ್ಬಿ. ಅದರಲ್ಲಿ ಹರಳೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು. ಚಪ್ಪಡಿ ಬಿಟ್ಟಿತು ಎಂದಾದ ಮೇಲೆ ಹಾರೆ ಹಾಕುವ ಮುಂಚೆ ಬಂಡೆಯ ಮೇಲೆ ಕೂತು, ಕಲ್ಲಿನ ಬಡಗಣ ಅಂಚಿಗೆ ಬೆರಳಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಅದು ಕಲ್ಲಿನ ತಲೆ. ತಲೆ ಗುರುತು ಮಾಡದೆ ಕಲ್ಲನ್ನು ಎತ್ತುವ ಹಾಗಿಲ್ಲ. ನೆಲದಲ್ಲಿ ಮಲಗಿದ್ದಾಗ ಕಲ್ಲು ಯಾವ ಕಡೆಯಿಂದ ಬಿಗಿದುಕೊಂಡಿತ್ತು ಎನ್ನುವುದು ತಿಳಿಯದೆ ಬಾಗಿಲ ಮೇಲಕ್ಕೋ ಚರಂಡಿಯ ಮೇಲಕ್ಕೋ ಹಾಕಿದರೆ ಅದು ಸೀಳುತ್ತದೆ ಎಂದು ಅವರ ನಂಬಿಕೆ. "ಎತ್ತಿದ್ ಮ್ಯಾಲೆ ಕಲ್ಲು ಮೂಗಾಗ್ಬುಡ್ತದೆ ಮಗಾ. ಯಾಪಾಟಿ ಕೇಳಿದ್ರೂ ಎತ್ತಗ್ ಮಲಗಿದ್ದೆ ಅಂತ ಹೇಳಕ್ಕಿಲ್ಲ." ಎಣ್ಣೆ ಯಾಕೆ ಎಂದು ಕೇಳಿದ್ದಕ್ಕೆ, ಮಳೆಗೆ ಹೋಗಬಾರದಲ್ಲ ಎಂದಿದ್ದರು.

ನಾನು ಕಾಲೇಜು ಸೇರುವ ಹೊತ್ತಿಗೆ ಬಿಡದಿ ಕೈಗಾರಿಕಾ ಪ್ರದೇಶ ಹಬ್ಬುತ್ತಿತ್ತು. ಒಂದು ಕಾರ್ಖಾನೆಯ ಶೆಡ್ಡು ಏಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದಕ್ಕೆ ಪಾಯ. ಕಾಂಪೌಂಡಿಗೆ ಕಲ್ಲುಕಂಬ, ಪಾಯಕ್ಕೆ ಸೈಜುಕಲ್ಲು, ರಸ್ತೆಗೆ ಜಲ್ಲಿ, ಎಲ್ಲಕ್ಕೂ ನಮ್ಮ ಕಡೆಯ ಬಂಡೆಗಳೇ ಬೇಕು. ನಮ್ಮೂರ ಬಂಡೆಯನ್ನು ಒಬ್ಬ ಕಂಟ್ರಾಕ್ಟರು ಹಿಡಿದ. ಬೆಂಕಿಯ ಕಾಲ ಮುಗಿಯಿತು, ಕಂಪ್ರೆಸರು ಬಂತು, ಮದ್ದು ಬಂತು. ಬಂಡೆಯ ಮೇಲೆ ನಡೆಯುತ್ತಿದ್ದ ಕೆಲಸ ಬಂಡೆಯ ಒಳಕ್ಕೆ ಇಳಿದು, ನಾನು ಎಂಎಸ್ಸಿಗೆ ಬರುವ ಹೊತ್ತಿಗೆ ನಮ್ಮ ಹುರುಳಿ ಹರವುತ್ತಿದ್ದ ಜಾಗದ ಆಚೆಗೆ ದೊಡ್ಡ ಹಳ್ಳ ಬಿದ್ದಿತ್ತು. ಮಾವ ಅಲ್ಲಿ ಮೇಸ್ತ್ರಿ. ಮದ್ದು ಸಿಡಿದ ಮಾರನೆಯ ಬೆಳಿಗ್ಗೆ ಯಾರೂ ಇಳಿಯುವ ಮುಂಚೆ ಅವರು ಇಳಿದು ಗೋಡೆಗಳನ್ನು ತಟ್ಟಿ ಕೇಳಿ, ಬನ್ನಿ ಎಂದು ಕೈ ಬೀಸಿದ ಮೇಲೆಯೇ ಉಳಿದವರು ಇಳಿಯಬೇಕು. ಆ ಒಂದು ಪದ್ಧತಿಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ಹಳ್ಳದ ಮೂಡಲ ಬದಿಯಲ್ಲಿ, ಬಂಡೆಯ ಬುಡಕ್ಕೆ, ಕಲ್ಲು ಕೆಲಸದವರ ಮನೆಗಳ ಸಾಲಿತ್ತು. ಹಳ್ಳಕ್ಕೂ ಮನೆಗಳಿಗೂ ನಡುವೆ ಬಡಗಲಿಂದ ತೆಂಕಲಿಗೆ ಉದ್ದಕ್ಕೆ ಒಂದು ಬಂಡೆಗೋಡೆಯನ್ನು ಮಾವ ಹಾಗೇ ಉಳಿಸಿದ್ದರು. ಒಳ್ಳೆಯ ಕಲ್ಲೆಲ್ಲ ಅದರಲ್ಲೇ ಇದೆ ಎಂದು ಕಂಟ್ರಾಕ್ಟರಿಗೆ ಆಸೆ. ಅದನ್ನು ಅರ್ಧಕ್ಕರ್ಧ ತೆಳ್ಳಗೆ ಮಾಡೋಣ ಎಂದ. ಮಾವ ಒಪ್ಪಲಿಲ್ಲ. "ಬಡಗಲಿಂದ ತೆಂಕಲಿಗೆ ಬಿಗಿ ಐತೆ ಸ್ವಾಮಿ. ಗ್ವಾಡೆ ತೆಳ್ಳಗಾದ್ರೆ ಹೊಟ್ಟೆ ಉಬ್ಬುಸ್ತದೆ. ಉಬ್ಸಿ ಸಿಡೀತದೆ." ಎರಡು ಅಂಗೈಗಳ ನಡುವೆ ಒಂದು ಒಣಗಿದ ತೆಂಗಿನಗರಿ ಇಟ್ಟು ಅದುಮಿ, ಅದು ಬಿಲ್ಲಿನಂತೆ ಬಾಗುವುದನ್ನು ತೋರಿಸಿದರಂತೆ. ಕಂಟ್ರಾಕ್ಟರು ನಕ್ಕು, "ನಿನ್ ಕಿವಿ ಮಾತ್ ಕೇಳ್ಕೊಂಡು ಅಷ್ಟು ಕಲ್ಲು ಬುಟ್ಬುಡ್ಲಾ? ಇಂಜಿನಿಯರ್ ಕೈಲಿ ಬರೆಸ್ಕೊಂಡ್ ಬಾ" ಎಂದನಂತೆ.

ಇಲ್ಲಿಗೆ ನಾನು ಪ್ರವೇಶ ಮಾಡಿದೆ. ನಮ್ಮ ವಿಭಾಗದ ಮೇಷ್ಟ್ರು ಬಂಡೆಯ ಒತ್ತಡ ಅಳೆಯುವ ಪ್ರಯೋಗಕ್ಕೆ ಒಂದು ಕ್ವಾರಿ ಹುಡುಕುತ್ತಿದ್ದರು. ನಮ್ಮೂರಲ್ಲೇ ಇದೆ ಸರ್ ಎಂದು ನಾನೇ ಕರೆದುಕೊಂಡು ಬಂದೆ. ಎಷ್ಟು ಹೆಮ್ಮೆ ಆವತ್ತು! ಕಂಟ್ರಾಕ್ಟರಿಗೆ ಕಾಗದ ಸಿಗುತ್ತದೆ, ಮೇಷ್ಟ್ರಿಗೆ ಪ್ರಯೋಗ ಸಿಗುತ್ತದೆ, ಮಾವನ ಮಾತು ನಿಜವೆಂದು ಯಂತ್ರವೇ ಹೇಳುತ್ತದೆ. ಹಡಗಿನಲ್ಲಿ ಈಗ ಮಾಡುವುದನ್ನೇ ಅಲ್ಲಿ ಸಣ್ಣದಾಗಿ ಮಾಡುವುದಿತ್ತು. ಹಳ್ಳದ ತಳದ ಬಂಡೆಯಿಂದ ತೋಳಿನ ಗಾತ್ರದ ಒಂದು ಕೋರ್ ತೆಗೆದು ಅದು ಯಾವ ಕಡೆಗೆ ಹಿಗ್ಗುತ್ತದೆಂದು ಅಳೆಯುವುದು. ಕೊರೆಯುವ ಮುಂಚೆ ಕಲ್ಲಿನ ಮೇಲೆ ಉತ್ತರ ದಿಕ್ಕಿನ ಗೆರೆ ಎಳೆಯುವ ಕೆಲಸವನ್ನು ಮೇಷ್ಟ್ರು ನನಗೆ ಕೊಟ್ಟರು.

ನಾನು ಸೀಮೆಸುಣ್ಣ ತೆಗೆದೆ. ಪಕ್ಕದಲ್ಲಿ ನಿಂತಿದ್ದ ಮಾವ ಸೊಂಟದಿಂದ ಡಬ್ಬಿ ಬಿಚ್ಚಿದರು. "ಅದು ನೀರ್ಗೆ ನಿಲ್ಲಕ್ಕಿಲ್ಲ ಮಗಾ. ತಗೊ, ಒಸಿ ಇದ್ನ ಹಚ್ಚು." ಸಹಪಾಠಿಗಳು ನೋಡುತ್ತಿದ್ದರು. ಡಬ್ಬಿಯ ಅಂಚಿನಲ್ಲಿ ಧೂಳು ಮೆತ್ತಿ ಗಟ್ಟಿಯಾಗಿತ್ತು, ಹರಳೆಣ್ಣೆಯ ವಾಸನೆ ಬರುತ್ತಿತ್ತು. ಇದು ನಮ್ಮ ಪದ್ಧತಿ ಅಲ್ಲ ಮಾವ, ಇದೇ ಸಾಕು ಎಂದೆ. ಅವರು ಡಬ್ಬಿಯ ಮುಚ್ಚಳ ಹಾಕಿಕೊಂಡರು. ಬೇಸರವಾಯಿತೋ ಇಲ್ಲವೋ ತಿಳಿಯಲಿಲ್ಲ, ನಾನು ಮುಖ ನೋಡಲಿಲ್ಲ.

ಕೊರೆಯುವಾಗ ಯಂತ್ರದ ಬಾಯಿಗೆ ಒಂದೇ ಸಮನೆ ನೀರು ಬಿಡಬೇಕು. ಬಿಟ್ಟರು. ಮುಗಿದ ಮೇಲೆ ಮೇಷ್ಟ್ರು ಕಂಟ್ರಾಕ್ಟರ ಜೊತೆ ಶೆಡ್ಡಿಗೆ ಹೋದರು, ಉಳಿದವರು ಬುತ್ತಿ ಬಿಚ್ಚಿದರು. ಕೊಳವೆಯಿಂದ ಕೋರನ್ನು ಹೊರಗೆಳೆದವಳು ನಾನೊಬ್ಬಳೇ. ತಲೆಯ ಕಡೆ ನೋಡಿದೆ. ಗೆರೆ ಇರಲಿಲ್ಲ. ಬೆರಳಿನಿಂದ ಉಜ್ಜಿ ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ತೊಳೆದು ಹೋಗಿತ್ತು. ಕೋರು ಕೊಳವೆಯೊಳಗೆ ಎಷ್ಟು ಸುತ್ತು ತಿರುಗಿತ್ತೋ ದೇವರಿಗೇ ಗೊತ್ತು.

ತೂತಿನಲ್ಲಿ ಕೆಸರುನೀರು ತುಂಬಿತ್ತು. ಅದನ್ನು ಮೊಗೆದು, ಕೋರನ್ನು ಮತ್ತೆ ಇಳಿಸಿ, ಮುರಿದ ತಳಕ್ಕೆ ತಳ ಕೂರಿಸಿ ನೋಡಿದರೆ ದಿಕ್ಕು ಸಿಗುತ್ತಿತ್ತು. ಆಗ ಅದು ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಹೊಳೆದಿತ್ತು. ಹಾಗೆ ಮಾಡಲು ಹೋದರೆ ಗುರುತು ಹೋಗಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮಾವನ ಡಬ್ಬಿಯನ್ನು ಬೇಡ ಎಂದವಳ ಮುಖ ಏನಾಗಬೇಕು? ಕೋರಿನ ತಲೆಯಲ್ಲಿ ಒಂದು ಕಪ್ಪು ಎಳೆ ಕಾಣಿಸಿತು. ಬಂಡೆಯ ಮೇಲೂ ಅಂಥ ಎಳೆಗಳಿದ್ದವು, ಕೆಲವು ಬಡಗಲಿಂದ ತೆಂಕಲಿಗೆ, ಕೆಲವು ಅದಕ್ಕೆ ಅಡ್ಡಕ್ಕೆ. ನಾನು ಒಂದನ್ನು ಆರಿಸಿಕೊಂಡು, ಕೋರಿನ ಎಳೆ ಇದೇ ಎಂದುಕೊಂಡು, ಉತ್ತರ ಇತ್ತ ಎಂದು ಪೆನ್ಸಿಲಿನಲ್ಲಿ ಬಾಣ ಹಾಕಿದೆ.

ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ಮಾವ ಬಂದರು.

"ಗುರ್ತು ನಿಂತ್ಕೊಳ್ತಾ ಮಗಾ? ತಲೆ ಎತ್ತಗೈತೆ?"

"ನಿಂತೈತೆ ಮಾವ. ಇತ್ತಗೆ" ಎಂದು ಬಾಣ ತೋರಿಸಿದೆ.

ಅವರು ಬಾಗಿ ನೋಡಿದರು. "ಹಂಗಾರೆ ಸರಿ" ಎಂದರು. ಇಷ್ಟೇ ಮಾತು.

ಹತ್ತು ಹನ್ನೆರಡು ದಿನ ಕಳೆದು ಫಲಿತಾಂಶ ಬಂತು. ಹೆಚ್ಚಿನ ಒತ್ತಡ ಮೂಡಲಿಂದ ಪಡುವಲಿಗೆ. ಅಂದರೆ ಹಳ್ಳ ತೋಡಿದಾಗಲೇ ಗೋಡೆಯ ಮೇಲಿನ ಆ ಒತ್ತಡ ಬಿಟ್ಟುಹೋಗಿದೆ, ಗೋಡೆಯನ್ನು ತೆಳ್ಳಗೆ ಮಾಡಿದರೆ ದೊಡ್ಡ ತೊಂದರೆಯಿಲ್ಲ. ಮೇಷ್ಟ್ರು ಒಳ್ಳೆಯವರು, ಒಂದೇ ಕೋರನ್ನು ನೆಚ್ಚಿಕೊಳ್ಳಬೇಡಿ, ಇನ್ನೂ ಎರಡು ತೆಗೆಯೋಣ ಎಂದು ಬರೆದಿದ್ದರು. ಕಂಟ್ರಾಕ್ಟರು ಆ ಸಾಲಿನ ತನಕ ಓದುವ ತೊಂದರೆ ತೆಗೆದುಕೊಳ್ಳಲಿಲ್ಲ.

ನಾನು ರಜೆಗೆ ಊರಿಗೆ ಹೋದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಮೇಷ್ಟ್ರು ಬರೆದುಕೊಟ್ಟ ಪೇಪರಿನಲ್ಲಿ ಏನು ಬಂದಿದೆಯೆಂದು ಅವರಿಗೆ ಆಗಲೇ ಗೊತ್ತಿತ್ತು. ಜಗಳ ಮಾಡುತ್ತಾರೆ, ಯಂತ್ರಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. "ಇಷ್ಟ್ ವರ್ಸ ಬಡಗ ತೆಂಕ ಅಂತ್ಲೇ ಕೇಳುಸ್ತಿತ್ತು ಕಣವ್ವ. ವಯಸ್ಸಾಯ್ತಲ್ಲ, ಕಿವಿ ಮೋಸ ಮಾಡ್ತೇನೋ... ನೀನೇ ಗುರ್ತು ಹಾಕಿದ್ ಮ್ಯಾಲೆ ಅದು ಸುಳ್ಳಾಯ್ತದಾ?" ಎಂದರು. ಎಂದು, ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸಿಕೊಂಡರು, ಅಲ್ಲೇನೋ ಕಸ ಸಿಕ್ಕಿದೆಯೇನೋ ಎಂಬ ಹಾಗೆ.

ನಾನು ಕಾಫಿ ಕುಡಿದು ಎದ್ದು ಬಂದೆ. ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದು ಮೇಷ್ಟ್ರು ಆ ವಾರವೇ ಹೇಳಿದ್ದರು. ನನ್ನ ಊಹೆ ಸರಿಯೇ ಇರಬಹುದಲ್ಲ, ಎರಡು ಎಳೆಯಲ್ಲಿ ಒಂದು ಸರಿ ಇರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಳತೆ ಮುಗಿದ ಕೋರನ್ನು ಮೇಷ್ಟ್ರು ನನಗೇ ಕೊಟ್ಟಿದ್ದರು. ಅದನ್ನು ನೋಡಲಾಗದೆ ಊರಲ್ಲೇ ಬಿಟ್ಟೆ. ಅಮ್ಮ ಅದರಲ್ಲಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

ಗೋಡೆಯನ್ನು ತೆಳ್ಳಗೆ ಮಾಡುವ ಕೆಲಸಕ್ಕೆ ಮಾವನೇ ತಮ್ಮ ತಂಡವನ್ನು ಇಳಿಸಿದರು. ಪೇಪರನ್ನು ನಂಬಿ. ಪೇಪರನ್ನಲ್ಲ, ನನ್ನನ್ನು.

ಆದರೂ ಬೆಳಿಗ್ಗೆ ತಟ್ಟುವುದನ್ನು ನಿಲ್ಲಿಸಿರಲಿಲ್ಲ. ಮುಂದಿನದನ್ನು ಅಮ್ಮ ಹೇಳಿ ಕೇಳಿದ್ದು. ಒಂದು ಬೆಳಿಗ್ಗೆ ಮಾವ ಒಬ್ಬರೇ ಇಳಿದು ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಸುತ್ತಿಗೆಯನ್ನು ಅಲ್ಲೇ ಎಸೆದು ಮೇಲಕ್ಕೆ ಓಡಿಬಂದು ಮನೆಗಳ ಸಾಲಿನ ಉದ್ದಕ್ಕೂ "ಎದ್ದೇಳಿ, ಆಚೆಗ್ ಬನ್ನಿ, ಎಲ್ಲಾ ಬುಟ್ಟು ಬನ್ನಿ" ಎಂದು ಕೂಗಿದರಂತೆ. ಒಲೆಯ ಮೇಲಿದ್ದ ಮುದ್ದೆಯ ಮಡಕೆಯನ್ನು ಒಬ್ಬಳು ಇಳಿಸಲು ಹೋದರೆ ಅವಳ ರಟ್ಟೆ ಹಿಡಿದು ಹೊರಗೆಳೆದರಂತೆ. ಎಲ್ಲರೂ ರಸ್ತೆಗೆ ಬಂದ ಮೇಲೆ ಗೋಡೆ ಸಿಡಿಯಿತು. ಮದ್ದು ಹಾಕಿರಲೇ ಇಲ್ಲ. ಕಲ್ಲು ತಾನಾಗಿಯೇ ಹೊಟ್ಟೆ ಉಬ್ಬಿಸಿ ಹಪ್ಪಳದ ಹಾಗೆ ಒಡೆದು, ಎರಡು ಮನೆಗಳ ಮೇಲೆ ಬಿತ್ತು. ಮನೆಗಳು ಖಾಲಿ. ಯಾರಿಗೂ ಏನೂ ಆಗಲಿಲ್ಲ, ಕೊನೆಯಲ್ಲಿ ಬರುತ್ತಿದ್ದ ಮಾವನೊಬ್ಬರನ್ನು ಬಿಟ್ಟು. ಅಂಗೈ ಅಗಲದ ಒಂದು ಚಕ್ಕೆ ಹಾರಿಬಂದು ಅವರ ಬಲಗಿವಿಗೆ ಬಡಿಯಿತು.

ಗಾಯ ಮಾಯಿತು. ಕಿವಿ ಹೋಯಿತು. ಎಡಗಿವಿ ಸುತ್ತಿಗೆಯ ಸದ್ದಿಗೆ ಮೊದಲೇ ಮಂದವಾಗಿತ್ತು. ಕಂಟ್ರಾಕ್ಟರು ಬೇರೆ ಬಂಡೆ ನೋಡಿಕೊಂಡು ಹೋದ. ಬಂಡೆ ಮಾವ ಬಂಡೆಯ ಮೇಲೆ ಕಾಲಿಡುವುದನ್ನು ಬಿಟ್ಟು ಬಿಡದಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದರು. ಖಾಕಿ ಷರಟು, ಕೊರಳಲ್ಲಿ ಸೀಟಿ. ಅವರೇ ಎಬ್ಬಿಸಿದ ಕಲ್ಲುಕಂಬಗಳ ಕಾಂಪೌಂಡು. ಕೇಳುವ ಕೆಲಸದವರನ್ನು ಊದುವ ಕೆಲಸಕ್ಕೆ ಹಾಕಿದವಳು ನಾನು.

ನಾನು ಅಲ್ಲಿಗೆ ಒಂದೇ ಒಂದು ಸಲ ಹೋಗಿದ್ದೆ, ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ನಾನು ಬಲಗಡೆ ಕೂತೆ. "ಆ ಕಿವೀಲಿ ಬೈದ್ರೂ ಕೇಳಕ್ಕಿಲ್ಲ ಮಗಾ. ಬೈಯಂಗಿದ್ರೆ ಈ ಕಡೀಕ್ ಬಾ" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಜಾಗ ಬದಲಿಸಲಿಲ್ಲ. ಲಾರಿಗಳು ಹೋಗುತ್ತಿದ್ದವು, ಬರುತ್ತಿದ್ದವು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ, ಆ ಸತ್ತ ಕಿವಿಯ ಕಡೆಯೇ ಬಾಗಿ, ಗೆರೆ ತೊಳೆದು ಹೋಗಿತ್ತು ಮಾವ, ನಾನು ಸುಳ್ಳು ಹೇಳಿದೆ ಎಂದೆ. ಹೇಳಿದ್ದಂತೂ ಹೌದು. ಹೇಡಿಯ ತಪ್ಪೊಪ್ಪಿಗೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತೇನೆ. ಮಾವ ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಪಕ್ಕದ ಕಲ್ಲುಕಂಬದ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಲಾರಿ ಹೋದಾಗಲೆಲ್ಲ ಕಂಬ ಸಣ್ಣಗೆ ಅದುರುತ್ತಿತ್ತು. ಹೊರಡುವಾಗ, "ಚೆನ್ನಾಗ್ ಓದು" ಎಂದರು. ಆ ವಯಸ್ಸಿಗೆ ನಾನು ಓದಿನ ಕೊನೆಗೆ ಬಂದಿದ್ದೆ.

ಆ ಬಳಿಕ ಪಿಎಚ್‌ಡಿ ಮುಗಿದು, ಊರಿಂದೂರಿಗೆ ಕೆಲಸ. ಮಾವ ಹೋದ ಸುದ್ದಿ ಬಂದಾಗ ದೂರದಲ್ಲಿದ್ದೆ. ಒಂದು ತಿಂಗಳ ಮೇಲೆ ಹೋದೆ. ಅತ್ತೆ, ಎಂದರೆ ಮಾವನ ಹೆಂಡತಿ, ಅಳಲಿಲ್ಲ. ಬಾಯಿ ತುಂಬ ಮಾತಾಡಿಸಿ, ಒತ್ತಾಯ ಮಾಡಿ ಊಟಕ್ಕಿಟ್ಟರು. ಆಮೇಲೆ ಗೂಡಿನಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಮಡಿಲಿಗಿಟ್ಟರು. ಅದರ ಭಾರಕ್ಕೇ ತಿಳಿದುಹೋಯಿತು.

ಬೆಳ್ಳುಳ್ಳಿ ಜಜ್ಜುವ ಕಲ್ಲನ್ನು ಮಾವ ಕೇಳಿ ಇಸಕೊಂಡು ಹೋದರು ಎಂದು ಅಮ್ಮ ಎಂದೋ ಹೇಳಿದ್ದಳು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ. ನಾನು ಅದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಬಿಚ್ಚಿದೆ. ಕೋರಿನ ತಲೆಯ ಮೇಲೆ ನನ್ನ ಪೆನ್ಸಿಲ್ ಬಾಣ ಮಾಸಿ, ಹುಡುಕಿದರೆ ಮಾತ್ರ ಕಾಣುವಂತಿತ್ತು. ಅದಕ್ಕೆ ಸರಿಯಾಗಿ ಅಡ್ಡಕ್ಕೆ, ಕಾಲು ಸುತ್ತು ಆಚೆಗೆ, ಬೆರಳಗಲದ ಒಂದು ಕೆಂಪು ಗೆರೆ. ನಾನು ಆರಿಸದೆ ಬಿಟ್ಟ ಎಳೆ ಯಾವ ಕಡೆಗಿತ್ತೋ ಆ ಕಡೆಗೆ.

"ತಲೆಗೆ ಕಟ್ಟಿದ್ ಪಟ್ಟಿ ಇನ್ನಾ ಬಿಚ್ಚಿರ್ಲಿಲ್ಲ" ಎಂದರು ಅತ್ತೆ. "ಬ್ಯಾಡ ಅಂದ್ರೂ ಕೇಳ್ದೆ ಹಳ್ಳುಕ್ಕಿಳುದ್ರು. ಗುಂಡೀಲಿದ್ ನೀರೆಲ್ಲ ಬಟ್ಟೇಲಿ ಹಿಂಡಿ ತಗ್ದು, ಇದ್ನ ಒಳೀಕ್ ಬುಟ್ಟು, ತಿರ್ಗ್ಸಿ ತಿರ್ಗ್ಸಿ ಕೂರ್ಸುದ್ರು. ತಳ ಕಚ್ಕೊಂಡ್ ಮ್ಯಾಲೆ ಗುರ್ತು ಹಾಕಿದ್ರು. ಅವತ್ತು ಮನೆಗ್ ಬಂದು, ನನ್ ಕಿವಿ ಸುಳ್ಳಾಡಿಲ್ಲ ಕಣೆ ಅಂತ ಒಂದೇ ಮಾತು. ನನಗೇನೂ ಅರ್ಥ ಆಗ್ಲಿಲ್ಲ ಬುಡು. ಮಗಳು ಬಂದ್ರೆ ಇದ್ನ ಕೊಡು ಅಂದಿದ್ರು."

ನಾನು ಗೇಟಿನ ಹತ್ತಿರ ಹೋಗಿ ಸತ್ತ ಕಿವಿಗೆ ಹೇಳುವ ಎಷ್ಟೋ ಮುಂಚೆಯೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಜಾಗ ಮಾಡಿಕೊಟ್ಟಿದ್ದರು, ತಮಾಷೆ ಮಾಡಿದ್ದರು, ಚೆನ್ನಾಗಿ ಓದು ಎಂದಿದ್ದರು. ಊರವರಿಗಾಗಲಿ ಮೇಷ್ಟ್ರಿಗಾಗಲಿ ಒಂದು ಮಾತು ಹೇಳಿರಲಿಲ್ಲ. ಬೇರೆ ಏನಾದರೂ ಹೇಳಿದರಾ ಅತ್ತೆ ಎಂದು ಕೇಳಿದೆ. ಅತ್ತೆ ನೆನಪು ಮಾಡಿಕೊಂಡರು.

"ಇನ್ನೇನಿಲ್ಲವ್ವ. ಎಣ್ಣೆ ಹಾಕಿ ಕಲ್ಸಿವ್ನಿ, ಈ ಸಲ ಹೋಗಕ್ಕಿಲ್ಲ ಅಂತ ಹೇಳು ಅಂದ್ರು."

ನಾನು ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಯಾಕೆಂದು ಅವರು ಕೇಳಲಿಲ್ಲ. ಮಾವ ಹೋದದ್ದಕ್ಕೆ ಎಂದುಕೊಂಡು ಬೆನ್ನು ಸವರಿದರು. ಯಾಕೆಂದು ಆಮೇಲೆ ಹೇಳಿದೆ, ಎರಡೂ ಕಿವಿ ಕೇಳುವ ಅತ್ತೆಗೆ, ಎದುರಿಗೆ ಕೂತು. ಅವರು ಎದ್ದು ಹೋಗಿ ಪಾತ್ರೆ ತೊಳೆಯಲು ಕೂತರು. ಮುಂದಿನ ಸಲ ಹೋದಾಗ ಮಾತಾಡಿಸಿದರು. ಮೊದಲಿನ ಹಾಗಲ್ಲ. ಅದು ನ್ಯಾಯವೇ.

ಈಗ ಆ ಹಳ್ಳದಲ್ಲಿ ನೀರು ನಿಂತಿದೆ. ಆಳಕ್ಕೆ ಹಸಿರು ಬಣ್ಣ. ಮನೆಗಳ ಸಾಲಿದ್ದಲ್ಲಿ ಯಾವುದೋ ಕಾರ್ಖಾನೆಯ ಗೋದಾಮು. ನಾವು ತೂತು ಕೊರೆದ ಜಾಗವೂ ನೀರಿನ ಅಡಿಗೆ ಹೋಗಿದೆ...

ಡೆಕ್ಕಿನಿಂದ ಕೆಳಗಿಳಿದು ಬಂದಾಗ ಆ ಹುಡುಗಿ ಫಾರಂ ಹಿಡಿದುಕೊಂಡೇ ಕಾಯುತ್ತಿದ್ದಳು. ಪಾಪ, ಅಷ್ಟು ಹೊತ್ತಿನಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ. ತುಂಡಿನ ಮೈಮೇಲಿನ ಒಂದು ಬಿಳಿಯ ಪಟ್ಟೆಯನ್ನು ತೋರಿಸಿ, ಮೇಲಿನ ತುಂಡಿನಲ್ಲೂ ಇಂಥದ್ದೇ ಇತ್ತು, ಅದನ್ನು ಹಿಡಿದು ಅಂದಾಜು ಮಾಡಬಹುದಲ್ಲ ಎಂದಳು. ಸಮುದ್ರದ ಅಡಿಯ ಬಾವಿಗೆ ಈ ತುಂಡನ್ನು ಮತ್ತೆ ಇಳಿಸಿ ಕೂರಿಸುವ ಹಾಗಿಲ್ಲ. ಬಾವಿಯ ಗೋಡೆ ಯಾವ ಕಡೆ ಉದುರಿದೆಯೆಂದು ಉಪಕರಣ ಇಳಿಸಿ ನೋಡುತ್ತಾರೆ, ಈ ತುಂಡಿನೊಳಗೆ ಉಳಿದಿರುವ ಅಯಸ್ಕಾಂತದ ಗುಣವನ್ನೂ ಪರೀಕ್ಷೆ ಮಾಡುತ್ತಾರೆ. ಅದಕ್ಕೆಲ್ಲ ಇನ್ನೂ ದಿನಗಳು ಬೇಕು. ಅಲ್ಲಿಯವರೆಗೆ ಒಂದು ಕಾಲಂ ಖಾಲಿ ಇದ್ದರೆ ಯಾರ ಮಾನವೂ ಹೋಗುವುದಿಲ್ಲ.

ನಾನು ಅವಳ ಕೈಯಿಂದ ಪೆನ್ನು ಇಸಕೊಂಡು ಆ ಕಾಲಂನಲ್ಲಿ "ದಿಕ್ಕು ತಿಳಿದಿಲ್ಲ" ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆವತ್ತೂ ಅದು ಅಷ್ಟೇ ಹೊತ್ತಿನ ಕೆಲಸವಾಗಿತ್ತು. ಮಾವ ಬಾಗಿ ನಿಂತು, ತಲೆ ಎತ್ತಗೈತೆ ಎಂದು ಕೇಳಿದಾಗ, ಗೊತ್ತಿಲ್ಲ ಮಾವ ಎಂದಿದ್ದರೆ ಸಾಕಿತ್ತು. ಅವರು ಡಬ್ಬಿ ಬಿಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು.